ಸೆರಗಿನಲ್ಲೊಂದು ಗಂಟು

ಇವತ್ತು ಕಾಲೇಜಿನಲ್ಲಿ ಸೀರೆ ದಿನ. ಚಳ್ಳಕೆರೆಯ ಹಾಸ್ಟೆಲಿನಲ್ಲಿ ನನ್ನ ಸೆರಗು ಮಡಿಸುತ್ತಿದ್ದ ಗೆಳತಿಯ ಕೈ ಥಟ್ಟನೆ ನಿಂತಿತು.

"ಏ, ಇಲ್ಲೊಂದು ಗಂಟೈತಲ್ಲೇ. ಕತ್ತರಿಸ್ಲಾ?"

ನಾನು ಚಿಕ್ಕವಳಿದ್ದಾಗ ಮೊಳಕಾಲ್ಮೂರಿನ ನಮ್ಮ ಮನೆಯಲ್ಲಿ ಅಜ್ಜಿ ಮಗ್ಗದ ಗುಂಡಿಗೆ ಕಾಲಿಳಿಸಿ ನೇಯುತ್ತಿದ್ದರೆ, ಪಕ್ಕದಲ್ಲಿ ನಾನು ರಾಟೆ ತಿರುಗಿಸಿ ಲಾಳಿಯೊಳಗಿನ ಕಂಡಿಕೆಯ ಕೊಳವೆಗೆ ರೇಷ್ಮೆ ಸುತ್ತುತ್ತಿದ್ದೆ. ಎಳೆ ತುಂಡಾದರೆ ಅಜ್ಜಿ ಬೆರಳಿಗೆ ಬೂದಿ ಹಚ್ಚಿಕೊಂಡು ಎರಡೂ ತುದಿಗಳನ್ನು ಹೊಸೆದುಬಿಡುವಳು. ಸೇರಿಸಿದ ಜಾಗ ಹುಡುಕಿದರೂ ಸಿಗುತ್ತಿರಲಿಲ್ಲ. ಒಂದು ದಿನ ಆಟಕ್ಕೆ ಓಡುವ ಅವಸರದಲ್ಲಿ ನಾನು ಹೊಸೆಯದೆ ಗಂಟು ಹಾಕಿಬಿಟ್ಟೆ. ಅದು ಸೆರಗಿನೊಳಗೆ ಸೇರಿಹೋಯಿತು. ಸೀರೆ ಕೊಳ್ಳುವ ಸಾಹುಕಾರರು ಅದರ ಮೇಲೆ ಬೆರಳಾಡಿಸಿ ಸೀರೆಯನ್ನು ಹಿಂದಕ್ಕೆ ಕೊಟ್ಟರು.

ನಾನು ಬಾಗಿಲ ಹಿಂದೆ ನಿಂತು ಅಳುತ್ತಿದ್ದೆ. ಅಜ್ಜಿ ಬೈಯಲಿಲ್ಲ. ಸೀರೆಯನ್ನು ಹೆಗಲ ಮೇಲೆ ಹಾಕಿಕೊಂಡು ಕನ್ನಡಿಯ ಮುಂದೆ ಬಹಳ ಹೊತ್ತು ನಿಂತಳು.

"ಅಳಬ್ಯಾಡ ಸುಮ್ನಿರವ್ವಾ. ನಿನ್ನಷ್ಟಿದ್ದಾಗ್ಲಿಂದ ಮಗ್ಗದಾಗೆ ಕುಂತೀನಿ. ನನ್ ಕೈಯಾಗಿನ ಸೀರೆ ಒಂದಾದ್ರೂ ಈ ಮನ್ಯಾಗೆ ಉಳಿದಿತ್ತಾ?"

ಆಮೇಲೆ ಎಲ್ಲ ಮದುವೆಗೂ ಅವಳು ಉಟ್ಟಿದ್ದು ಅದನ್ನೇ. ಈಗ ಅದು ನನ್ನ ಮೈಮೇಲಿದೆ.

"ಕತ್ತರಿ ಬ್ಯಾಡ," ಎಂದೆ ಗೆಳತಿಗೆ. "ಗಂಟು ಮ್ಯಾಲೆ ಕಾಣೋ ಹಂಗೆ ಮಡಿಸು."