ಅಶ್ವತ್ಥಕಟ್ಟೆಯ ಗಾಜು

ಗಾಜು ಕೊಯ್ದು ಕೊಯ್ದು, ಪಟಕ್ಕೆ ಕಟ್ಟು ಹಾಕುವ ಅಣ್ಣಾರ ಹೆಬ್ಬೆರಳಿನ ಗೆರೆಗಳೇ ಅಳಿಸಿಹೋಗಿದ್ದವು. ನ್ಯಾಯಬೆಲೆ ಅಂಗಡಿಯ ಬೆರಳಚ್ಚಿನ ಯಂತ್ರ ಪ್ರತಿ ತಿಂಗಳೂ ಅವರನ್ನು ಸತಾಯಿಸುತ್ತಿತ್ತು. "ನಾನು ದೇವರನ್ನ ನಂಬಲ್ಲ, ಇದು ನನ್ನ ನಂಬಲ್ಲ. ಸರಿಹೋಯ್ತು ಬುಡಿ" ಎಂದು ನಗುತ್ತಿದ್ದರು.

ಜಯಲಕ್ಷ್ಮಿಪುರಂನ ನಮ್ಮ ಬೀದಿಯ ಕೊನೆಯಲ್ಲಿ ಅವರ ಫ್ರೇಮಿನಂಗಡಿ. ದಿನವಿಡೀ ದೇವರ ಪಟಗಳಿಗೆ ಕಟ್ಟು ಹಾಕುತ್ತಿದ್ದರು, ಒಂದಕ್ಕೂ ಕೈಮುಗಿದವರಲ್ಲ. ನನ್ನ ಅತ್ತೆಗೆ ಅದೇ ತಕರಾರು. "ದೇವರ ಭಯಾನೇ ಇಲ್ದೋನನ್ನ ಹೇಗೆ ನಂಬೋದು?" ಎನ್ನುತ್ತಿದ್ದರು. ನಾನೂ ತಲೆಯಾಡಿಸುತ್ತಿದ್ದೆ. ಆದರೂ ಪಟಗಳನ್ನು ಅಲ್ಲಿಗೇ ಕೊಡುತ್ತಿದ್ದೆವು, ಅಷ್ಟು ಅಚ್ಚುಕಟ್ಟಾದ ಕೆಲಸ.

ಒಮ್ಮೆ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಒರೆಸುವಾಗ ಲಕ್ಷ್ಮಿಯ ಪಟ ಕೈಜಾರಿ ಬಿತ್ತು. ಒಡೆದ ಪಟ ಮನೆಯಲ್ಲಿರಬಾರದು, ಕಸಕ್ಕೂ ಹಾಕಬಾರದು. ಎಲ್ಲರಂತೆ ನಾನೂ ಅದನ್ನು ಗಾಜಿನ ಚೂರುಗಳ ಸಮೇತ ಅಶ್ವತ್ಥಕಟ್ಟೆಯ ಮೇಲಿಟ್ಟು, ಮೂರು ಸುತ್ತು ಹಾಕಿ ಬಂದೆ.

ಮರುದಿನ ಸಂಜೆ ಅಣ್ಣಾರು ನಮ್ಮ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಅದೇ ಪಟ, ಗಾಜಿಲ್ಲದೆ.

"ನಾನೇ ಹಾಕಿದ ಕಟ್ಟು. ನಿಮ್ಮನೇದಲ್ವೇನಮ್ಮ? ಕಟ್ಟೆ ಗುಡಿಸೋವಾಗ ಪೌರಕಾರ್ಮಿಕ ಹೆಂಗ್ಸಿನ ಅಂಗೈ ಸೀಳೋಗಿದೆ. ಈಗ ಅವ್ರಿಗೆ ಹೊಲಿಗೆ ಹಾಕಿಸಿ ಬಂದೆ."

ಒಳಗೆ ಕುಂಕುಮಕ್ಕೆ ಬಂದ ಹೆಂಗಸರು ತುಂಬಿದ್ದರು. "ನಮ್ಮದಲ್ಲ" ಎಂದುಬಿಟ್ಟೆ. ಪಟದ ಹಿಂದೆ ನಮ್ಮ ಮನೆಯ ನಂಬರನ್ನು ಅವರೇ ಬರೆದಿದ್ದರು. ತಿರುಗಿಸಿ ತೋರಿಸಿದ್ದರೆ ನನ್ನ ಮಾನ ಅಲ್ಲೇ ಹೋಗುತ್ತಿತ್ತು. ತೋರಿಸಲಿಲ್ಲ. "ಆಗ್ಲಿ ಬುಡಿ" ಎಂದು ಹೊರಟುಹೋದರು.

ನಾಲ್ಕು ದಿನ ದೇವಸ್ಥಾನದಲ್ಲಿ ನಿಂತು ತಪ್ಪಾಯಿತೆಂದು ಬೇಡಿಕೊಂಡೆ. ಎದೆಯ ಭಾರ ಇಳಿಯಲಿಲ್ಲ. ಐದನೆಯ ದಿನ ಅಂಗಡಿಗೆ ಹೋಗಿ ನಿಜ ಹೇಳಿದೆ. "ದಿನಾ ದೇವರ ಹತ್ರ ಕ್ಷಮೆ ಕೇಳ್ತಿದ್ದೀನಿ" ಎಂದೂ ಸೇರಿಸಿದೆ.

ಅವರು ಗಾಜು ಕೊಯ್ಯುವುದನ್ನು ನಿಲ್ಲಿಸಿದರು. "ಗಾಯ ಆಗಿದ್ದು ದೇವರಿಗಲ್ವಲ್ಲಮ್ಮ. ನಂಗೂ ಅಲ್ಲ. ಗಾಯ ಆದೋರು ಬನ್ನಿಮಂಟಪದಲ್ಲಿದಾರೆ. ಅವ್ರನ್ನೇ ಕೇಳಿ."

ಇಷ್ಟು ವರ್ಷಗಳ ಪೂಜೆಯಲ್ಲಿ ನನಗೆ ಹೊಳೆಯದ ಮಾತನ್ನು ಈ ಮನುಷ್ಯ ಕೈ ಒರೆಸಿಕೊಳ್ಳುತ್ತಾ ಹೇಳಿದ್ದರು. ಮನೆಯ ಗುರುತು ಕೇಳಿಕೊಂಡು ಅಂದೇ ಹೋದೆ. ಆಕೆ ಬ್ಯಾಂಡೇಜಿನ ಕೈಯಲ್ಲೇ ಬಾಗಿಲು ತೆರೆದು, ನಾನು ಹೇಳುವುದನ್ನೆಲ್ಲ ಕೇಳಿಸಿಕೊಂಡರು. "ಗಾಜಿದೆ ಅಂತ ಒಂದ್ ಮಾತು ಹೇಳ್ಬುಟ್ಟಿದ್ರೆ ಸಾಕಾಗಿತ್ತಮ್ಮ" ಎಂದರು.

ಅಲ್ಲಿಂದ ಮುಂದೆ ಪ್ರತಿ ಭಾನುವಾರ ಬೆಳಗ್ಗೆ ಅಣ್ಣಾರು ಕಟ್ಟೆಯ ಹತ್ತಿರ ಇರುತ್ತಿದ್ದರು. ಒಡೆದ ಪಟಗಳ ಗಾಜು ಬಿಡಿಸಿ, ಎರಡು ಪದರ ಪೇಪರಿನಲ್ಲಿ ಸುತ್ತಿ, ಕೆಂಪು ದಾರ ಕಟ್ಟಿ ಆಕೆಯ ಕೈಗೇ ಕೊಡುತ್ತಿದ್ದರು. ದೇವರ ಚಿತ್ರಗಳನ್ನು ಮಾತ್ರ ಧೂಳೊರೆಸಿ ಮರಕ್ಕೆ ನೆಟ್ಟಗೆ ಒರಗಿಸುತ್ತಿದ್ದರು. ಯಾಕೆಂದು ಕೇಳಿದೆ. "ನಂಬ್ದೋರ ಮನಸ್ಸು ನೋಯಬಾರ್ದಲ್ಲಮ್ಮ." ಅವರೆದುರು ನಾನು ತೀರಾ ಚಿಕ್ಕವಳಾಗಿ ಕಂಡೆ.

ಹೋದ ವರ್ಷ ಅವರು ತೀರಿಕೊಂಡರು. ಮೊನ್ನೆ ನಮ್ಮ ಮನೆಯಲ್ಲಿ ಇನ್ನೊಂದು ಪಟ ಒಡೆಯಿತು. ನಾನು ಚೂರುಗಳನ್ನು ಪೇಪರಿನಲ್ಲಿ ಸುತ್ತುತ್ತಿದ್ದಾಗ ಅತ್ತೆ ಕೇಳದೆಯೇ ದೇವರಮನೆಯಿಂದ ಕೆಂಪು ದಾರ ತಂದುಕೊಟ್ಟರು. ಕಸದ ಗಾಡಿ ಬರುವವರೆಗೂ ಇಬ್ಬರೂ ಗೇಟಿನಲ್ಲಿ ನಿಂತೆವು. ಗಾಡಿಯ ಜೊತೆ ಬಂದ ಆಕೆ ಪೊಟ್ಟಣವನ್ನು ಆ ಗಾಯದ ಗುರುತಿನ ಅಂಗೈಯಲ್ಲಿ ಹಿಡಿದು, ದಾರವನ್ನೇ ನೋಡಿದರು.

"ಅಣ್ಣಾರು ಕಟ್ತಿದ್ದಂಗೇ ಕಟ್ಟಿದ್ದೀರಲ್ಲಮ್ಮ" ಎಂದರು.