ಕೈಲಿರೋದ್ನ ಕೆಳಗಿಡಿ

ರಾಮನಗರದ ಹತ್ತಿರ ಕಿವುಡು ಮಕ್ಕಳ ಶಾಲೆಯಲ್ಲಿ ನಾನು ಮೇಷ್ಟ್ರಾಗಿದ್ದಾಗ ಹಾಸ್ಟೆಲಿಗೊಬ್ಬರು ಆಯಾ ಇದ್ದರು. ಮಕ್ಕಳ ಹತ್ತಿರ ಯಾರೇ ಬರಲಿ, ಅವರದು ಒಂದೇ ಮಾತು: "ಮೊದ್ಲು ಕೈಲಿರೋದ್ನ ಕೆಳಗಿಡಿ." ಸೌಟು ಹಿಡಿದುಕೊಂಡೇ ಸನ್ನೆ ಮಾಡುವ ಅಡುಗೆಯವರನ್ನೂ ಬಿಡುತ್ತಿರಲಿಲ್ಲ.

ಬೇಸಿಗೆ ರಜೆ ಮುಗಿಸಿ ಬಂದ ಹುಡುಗಿಯೊಬ್ಬಳು ಮೂಲೆ ಹಿಡಿದು ಕೂತಳು. 'ಗಲಾಟೆಯಿಲ್ಲ, ಶಾಂತವಾಗಿದ್ದಾಳೆ' ಎಂದು ನಾನು ವರದಿ ಬರೆಯುತ್ತಿದ್ದೆ. ಆಯಾ ಇಣುಕಿ ನೋಡಿ ಸಿಡುಕಿದರು.

"ಶಾಂತ ಅಲ್ಲ ಮೇಷ್ಟ್ರೇ, ಮೂರ್ ದಿನದಿಂದ ಒಂದ್ ಸನ್ನೆಗೂ ಆ ಮಗೀನ ಕೈ ಎದ್ದೇ ಇಲ್ಲ. ಪೆನ್ನು ಕೆಳಗಿಟ್ಟು ಬನ್ನಿ."

ಇಬ್ಬರೂ ಅವಳೆದುರು ಬರಿಗೈಯಲ್ಲಿ ಕೂತೆವು. ಬಹಳ ಹೊತ್ತಾದ ಮೇಲೆ ಅವಳ ಬೆರಳುಗಳು ಅಲುಗಿದವು: ಮನೆಯಲ್ಲಿ ಎಲ್ಲರೂ ಮಾತಾಡುತ್ತಾರೆ, ನನ್ನ ಜೊತೆ ಯಾರೂ ಇಲ್ಲ. ನಾನು ಇದ್ದರೆಷ್ಟು, ಹೋದರೆಷ್ಟು?

ಮರುದಿನವೇ ಅವಳನ್ನು ಮನೋವೈದ್ಯರ ಬಳಿ ಕರೆದೊಯ್ದೆ. ಅವಳ ಸನ್ನೆಯನ್ನು ಅವರಿಗೆ ಮಾತಿನಲ್ಲಿ ತಿಳಿಸಿದೆ. ಆಯಾ ಅವಳ ತಾಯಿಯನ್ನು ಭಾನುವಾರಗಳಂದು ಕರೆಸಿ, ಅಡುಗೆಮನೆ ಜಗುಲಿಯಲ್ಲಿ ಕೂರಿಸಿಕೊಂಡು ಸನ್ನೆ ಕಲಿಸತೊಡಗಿದರು.

ಒಂದು ಭಾನುವಾರ ಕಬ್ಬಾಳಿನಿಂದ ಬಂದ ಆ ತಾಯಿಯ ಎರಡೂ ಕೈಯಲ್ಲಿ ಚೀಲವಿತ್ತು. ಗೇಟಿನಲ್ಲಿ ಮಗಳನ್ನು ಕಂಡರು. ಆಯಾ ಬಾಯಿ ತೆರೆಯುವ ಮೊದಲೇ ಚೀಲಗಳನ್ನು ಮಣ್ಣಲ್ಲಿಟ್ಟು, 'ಊಟ ಆಯ್ತಾ?' ಎಂದು ತಪ್ಪುತಪ್ಪಾಗಿ ಸನ್ನೆ ಮಾಡಿದರು.

ಮಗಳು ಅಮ್ಮನ ಬೆರಳು ಹಿಡಿದು ಸರಿಮಾಡಿದಳು.