ಹೊಂಗೆ ಮರದ ಮೇಲಿನ ಚುಕ್ಕೆ

ವಸಂತದ ಮೇಲೆ ಮೂರು ನಿಮಿಷದ ಒಂದು ಫಿಲ್ಮ್ ಮಾಡಲು ನನಗೆ ಹದಿನೆಂಟು ಸಾವಿರ ರೂಪಾಯಿ ಖರ್ಚಾಯಿತು, ಜೊತೆಗೆ ಎರಡು ಗೃಹಪ್ರವೇಶದ ಕೆಲಸ ಕೈಬಿಟ್ಟುಹೋಯಿತು. ದುಡ್ಡು ಹೋದದ್ದು ಒಂದು ಹಳೆಯ ಲೆನ್ಸಿಗೆ. ಉದಯಗಿರಿಯ ಕ್ಯಾಮೆರಾ ರಿಪೇರಿಯವನು ಇಪ್ಪತ್ತಾರು ಹೇಳಿದ್ದ. ಎರಡು ಸಂಜೆ ಅವನ ಅಂಗಡಿಯ ಸ್ಟೂಲಿನ ಮೇಲೆ ಕೂತು, ಅವನು ತರಿಸಿದ ಟೀಯನ್ನೇ ಕುಡಿದು, ಇಳಿಸಿದೆ. ಯಾಕೆ ಕೊಂಡೆ ಎಂದರೆ, ಮಾದೇವಸ್ವಾಮಿಯ ಹತ್ತಿರ ಅಂಥದೇ ಲೆನ್ಸ್ ಇತ್ತು. ಬೇರೆ ಕಾರಣ ಹೇಳಿದರೆ ಸುಳ್ಳಾಗುತ್ತದೆ.

ದೃಷ್ಟಿ, ಕೆಟ್ಟ ಕಣ್ಣು ಇವನ್ನೆಲ್ಲ ನಾನು ನಂಬುತ್ತಿರಲಿಲ್ಲ. ಅಶೋಕಪುರಂನ ನನ್ನ ಸ್ಟುಡಿಯೋ ಬಾಗಿಲಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿಸುತ್ತಿದ್ದೆ, ನಿಜ; ಅದು ಮದುವೆ ಮನೆಯವರು ಬಂದಾಗ ನೋಡಿ ಸಮಾಧಾನಪಡಲಿ ಅಂತ. ನನ್ನ ಮಟ್ಟಿಗೆ ಅದು ಬೋರ್ಡಿನ ಹಾಗೆ ವ್ಯಾಪಾರದ ಒಂದು ಸಾಮಾನು. ಈಗಲೂ ಪೂರ್ತಿ ನಂಬುತ್ತೇನೆ ಎನ್ನಲಾರೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ನೀವೇ ನೋಡಿ.

ಮಾದೇವಸ್ವಾಮಿ ಮತ್ತು ನಾನು ಒಬ್ಬರೇ ಯಜಮಾನರ ಕೈಕೆಳಗೆ ಮದುವೆಗಳಲ್ಲಿ ಲೈಟು ಹಿಡಿದು ಕಲಿತವರು. ನನಗಿಂತ ಎರಡು ವರ್ಷ ಚಿಕ್ಕವನು. ಅವರಪ್ಪನಿಗೆ ಮಠದ ಹತ್ತಿರ ವಿಭೂತಿ, ಪೂಜೆ ಸಾಮಾನಿನ ಅಂಗಡಿ ಇತ್ತು; ಕೆಲಸ ಇಲ್ಲದ ತಿಂಗಳು ಅವನು ಹೋಗಿ ಗಲ್ಲಾಪೆಟ್ಟಿಗೆ ಮುಂದೆ ಕೂರಬಹುದಿತ್ತು. ನನಗೆ ಅಂಥ ಗಲ್ಲಾಪೆಟ್ಟಿಗೆ ಯಾವುದೂ ಇರಲಿಲ್ಲ. ಗಿರಾಕಿ ಹಿಡಿಯುವುದು, ಮಾತಾಡಿ ಒಪ್ಪಿಸುವುದು, ಮೂರು ಆಲ್ಬಮ್ ಕೇಳಿದವರಿಗೆ ಐದು ಮಾರುವುದು, ಇದರಲ್ಲಿ ಅವನು ನನ್ನ ಹತ್ತಿರಕ್ಕೂ ಬರುವವನಲ್ಲ. ಆದರೆ ಕ್ಯಾಮೆರಾ ಎಲ್ಲಿಡಬೇಕು, ಎಷ್ಟು ಹೊತ್ತು ಸುಮ್ಮನೆ ನಿಲ್ಲಬೇಕು ಎನ್ನುವುದು ಅವನಿಗೆ ಕಲಿಸದೆಯೇ ಗೊತ್ತಿತ್ತು. ಯಜಮಾನರು ಅವನ ಕೆಲಸ ನೋಡುವಾಗ ಮಾತಾಡುತ್ತಿರಲಿಲ್ಲ. ನನ್ನದನ್ನು ನೋಡುವಾಗ, 'ಚೆನ್ನಾಗಿದೆ, ಮುಂದೆ' ಅನ್ನುತ್ತಿದ್ದರು. ಆ 'ಮುಂದೆ' ಇಪ್ಪತ್ತು ವರ್ಷ ನನ್ನ ಹೊಟ್ಟೆಯಲ್ಲಿ ಹಾಗೇ ಇತ್ತು.

ಮೂರು ವರ್ಷದ ಹಿಂದೆ ಊರಾಚೆ ಒಂದು ಪ್ರಕೃತಿ ಚಿಕಿತ್ಸೆಯ ಆಸ್ಪತ್ರೆ ಶುರುವಾಗುವುದರಲ್ಲಿತ್ತು. ರೋಗಿಗಳು ಕಾಯುವ ಹಜಾರದಲ್ಲಿ ಹಾಕಲು ವಸಂತದ ಒಂದು ಫಿಲ್ಮ್ ಬೇಕು, ಮಾತಿಲ್ಲದೆ, ಬರೀ ಚಿತ್ರದ ಮೇಲೆ ಚಿತ್ರ ಪೋಣಿಸಿ ಮಾಡಿಕೊಡಿ ಎಂದು ನಮ್ಮಿಬ್ಬರಿಗೂ ಹೇಳಿದರು. ಯಾರದು ಒಪ್ಪಿಗೆಯಾಗುತ್ತದೋ ಅವರಿಗೆ ವರ್ಷಪೂರ್ತಿ ಅಲ್ಲಿನ ಕೆಲಸ. ಆಷಾಢ, ಧನುರ್ಮಾಸದಲ್ಲಿ ಮದುವೆ ಇಲ್ಲದೆ ಕೈಕಟ್ಟಿ ಕೂರುವ ನಮ್ಮಂಥವರಿಗೆ ಇದು ಸಣ್ಣ ವಿಷಯವಲ್ಲ. ಅದಕ್ಕಿಂತ ಹೆಚ್ಚಾಗಿ, ಒಂದು ಸಲವಾದರೂ ಅವನ ಮುಂದೆ ನಾನು ಗೆಲ್ಲಬೇಕಿತ್ತು.

ಇಲ್ಲಿ ನನ್ನ ಒಂದು ದಡ್ಡತನ ಹೇಳಬೇಕು. ಹಿಂದಿನ ಆಯುಧಪೂಜೆಯಲ್ಲಿ, ಮಣೆಯ ಮೇಲೆ ಸಾಮಾನು ಜಾಸ್ತಿ ಕಾಣಲಿ ಅಂತ ನಾನು ಲೆನ್ಸನ್ನೂ ಕ್ಯಾಮೆರಾವನ್ನೂ ಬಿಚ್ಚಿ ಬೇರೆಬೇರೆ ಇಟ್ಟಿದ್ದೆ. ಕ್ಯಾಮೆರಾ ಬಾಯಿಗೆ ಮುಚ್ಚಳ ಹಾಕಿರಲಿಲ್ಲ. ನನ್ನ ಹೆಂಡತಿ ಧಾರಾಳವಾಗಿ ಕುಂಕುಮ ಹಾಕಿದಳು. ಒಂದು ಕಣ ಒಳಗೆ, ಚಿತ್ರ ಮೂಡುವ ಸೆನ್ಸರಿನ ಮೇಲೆ ಕೂತುಬಿಟ್ಟಿತು. ಮಂಟಪದ ಮಬ್ಬು ಬೆಳಕಿನಲ್ಲಿ ಅದು ಕಾಣುತ್ತಿರಲಿಲ್ಲ. ಬಯಲಿನಲ್ಲಿ ಆಕಾಶ ಹಿಡಿದರೆ ಮಾತ್ರ ಬಲಗಡೆ ಮೇಲಿನ ಮೂಲೆಯಲ್ಲಿ ಎಳ್ಳಿನಷ್ಟು ಕಪ್ಪು ಚುಕ್ಕೆ, ಅದಕ್ಕೊಂದು ಚಿಕ್ಕ ಬಾಲ. ಉದಯಗಿರಿಯವನು ಕ್ಲೀನ್ ಮಾಡಲು ಕೇಳಿದ ರೇಟು ನನಗೆ ಹಿಡಿಸಲಿಲ್ಲ. ಮದುವೆಯಲ್ಲಿ ಆಕಾಶ ಯಾರಿಗೆ ಬೇಕು ಎಂದು ಬಿಟ್ಟಿದ್ದೆ.

ಈಗ ಫಿಲ್ಮಿನ ತುಂಬಾ ಆಕಾಶವೇ. ಮಾವಿನ ಕೆಂಪು ಚಿಗುರು, ಬೇವಿನ ಹೂವು, ರಸ್ತೆಬದಿಯ ಗುಲಾಬಿ ಬಣ್ಣದ ಹೂಮರಗಳು, ಕೆರೆ ಏರಿಯ ಮೇಲಿನ ಹಕ್ಕಿಗಳು, ಎಲ್ಲ ಸೇರಿ ಮೂವತ್ತೊಂದು ಶಾಟ್ ಪೋಣಿಸಿದೆ. ಅದರಲ್ಲಿ ಹನ್ನೊಂದರಲ್ಲಿ ಚುಕ್ಕೆ ಇತ್ತು. ಕಂಪ್ಯೂಟರಿನಲ್ಲಿ ಒಂದೊಂದಕ್ಕೂ ಆಕಾಶದ್ದೇ ತೇಪೆ ಹಾಕಿ ಮುಚ್ಚಿದೆ. ಎರಡು ದಿನ ಹಿಡಿಯಿತು. ಕಣ್ಣು ಮುಚ್ಚಿದರೂ ಆ ಚುಕ್ಕೆ, ಆ ಬಾಲ ಕಾಣುತ್ತಿತ್ತು. ಅದನ್ನು ನನ್ನಷ್ಟು ಚೆನ್ನಾಗಿ ಬಲ್ಲವರು ಇನ್ನೊಬ್ಬರಿಲ್ಲ.

ಗಿರಾಕಿಗೆ ಕೊಡುವ ಮೊದಲು ಒಬ್ಬರದನ್ನು ಒಬ್ಬರು ನೋಡಿ ತಪ್ಪು ಹೇಳುವುದು ಯಜಮಾನರ ಕಾಲದಿಂದ ನಮ್ಮಲ್ಲಿ ಬಂದ ಪದ್ಧತಿ. ಯುಗಾದಿ ಕಳೆದ ವಾರ ಮಾದೇವಸ್ವಾಮಿ ಫೋನ್ ಮಾಡಿ, ಬಂದು ನೋಡಿ ಅಣ್ಣ ಎಂದ. ನನ್ನದು ಇನ್ನೂ ಮುಗಿದಿಲ್ಲ ಎಂದು ಸುಳ್ಳು ಹೇಳಿ, ಬರಿಗೈಯಲ್ಲಿ ಕೆಸರೆಯ ಅವನ ಮನೆಗೆ ಹೋದೆ. ಮಧ್ಯಾಹ್ನ ಮೂರು ಗಂಟೆ. ಅವನ ಹೆಂಡತಿ ಶಶಿಕಲಾ ಮಜ್ಜಿಗೆ ಕೊಟ್ಟು ತಾನೂ ಹಿಂದೆ ನಿಂತಳು.

ಅವನು ಫಿಲ್ಮ್ ಹಾಕಿದ. ಮೊದಲೆಲ್ಲ ನಾನು ಹಿಡಿದಂಥವೇ ಹೂವು, ಹಕ್ಕಿ. ಮನಸ್ಸಿಗೆ ಹಾಯಾಯಿತು. ಆಮೇಲೆ ಒಂದು ಹೊಂಗೆ ಮರ ಬಂತು. ಯಾವುದೋ ಗಲ್ಲಿಯ ತುದಿಯ ಮರ. ಕೆಳಗೆ ಒಬ್ಬ ಹೆಂಗಸು ಗುಡಿಸುತ್ತಿದ್ದಾಳೆ. ಗಾಳಿ ಬರುತ್ತದೆ, ಕಡ್ಲೆಪುರಿ ಚೆಲ್ಲಿದ ಹಾಗೆ ಹೂವು ಉದುರುತ್ತದೆ. ಅವಳು ಪೊರಕೆ ನಿಲ್ಲಿಸಿ, ಸೊಂಟದ ಮೇಲೆ ಕೈಯಿಟ್ಟು ಮರವನ್ನು ನೋಡುತ್ತಾ ನಿಲ್ಲುತ್ತಾಳೆ. ಮುಗೀತಾ ನಿಂದು, ಎಂದು ಕೇಳುವ ಹಾಗೆ. ಗಾಳಿ ನಿಂತ ಮೇಲೆ ಮತ್ತೆ ಗುಡಿಸುತ್ತಾಳೆ. ಅಷ್ಟೇ. ಹದಿನೈದು ಸೆಕೆಂಡು. ಕ್ಯಾಮೆರಾ ಅಲುಗಿಲ್ಲ.

ನನ್ನ ಮೂವತ್ತೊಂದು ಶಾಟನ್ನೂ ತಕ್ಕಡಿಯ ಒಂದು ತಟ್ಟೆಗೆ ಹಾಕಿ ಇದೊಂದನ್ನು ಇನ್ನೊಂದಕ್ಕೆ ಹಾಕಿದರೆ ಯಾವುದು ಕೆಳಗಿಳಿಯುತ್ತದೆ ಎಂದು ವ್ಯಾಪಾರಸ್ಥನಾದ ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಎದೆಯೊಳಗೆ ಉರಿ ಎದ್ದಿತು. ಇದರಲ್ಲಿ ಒಂದು ಹುಳುಕಾದರೂ ಇರಬಾರದಾಗಿತ್ತೆ ಎಂದುಕೊಂಡೆ. ಹೀಗೇ ಅಂದುಕೊಂಡೆ, ಇದೇ ಮಾತುಗಳಲ್ಲಿ, ಅದಕ್ಕೇ ಬರೆಯುತ್ತಿದ್ದೇನೆ. ಆಮೇಲೆ ಬಾಯಿಬಿಟ್ಟು ಹೇಳಿದೆ:

"ಎಲ್ಲಾ ಸರಿ ಮಾದೇವಸ್ವಾಮಿ, ಈ ಮರದ್ದು ಉದ್ದ ಆಯ್ತು ಕಣಯ್ಯ. ರೋಗಿಗಳಿಗೆ ಬೇಜಾರಾಗ್ತದೆ. ನಾಕು ಸೆಕೆಂಡಿಗೆ ಕತ್ತರಿಸು."

ಅವನ ಮುಖ ಸಪ್ಪಗಾಯಿತು. "ಅದೊಂದೇ ನಂಗೆ ಇಷ್ಟ ಆಗಿದ್ದು ಅಣ್ಣ," ಎಂದ. ಕುರ್ಚಿ ಮುಂದಕ್ಕೆ ಎಳೆದುಕೊಂಡು, "ನೀವು ಹೇಳಿದ್ಮೇಲೆ ಇರ್ಬೇಕು ಬುಡಿ. ಗಿರಾಕಿ ವಿಷ್ಯ ನಿಮಗೇ ಗೊತ್ತು," ಎಂದು, ಎಲ್ಲಿ ಕತ್ತರಿಸುವುದೆಂದು ನೋಡಲು ಆ ಶಾಟನ್ನು ಮತ್ತೆ ಹಾಕಿದ.

ಬಲಗಡೆ ಮೇಲಿನ ಮೂಲೆಯಲ್ಲಿ, ಕೊಂಬೆಗಳ ನಡುವಿನ ಆಕಾಶದಲ್ಲಿ, ಎಳ್ಳಿನಷ್ಟು ಕಪ್ಪು ಚುಕ್ಕೆ. ಚಿಕ್ಕ ಬಾಲ.

ಮೊದಲ ಸಲ ಅದು ಇರಲಿಲ್ಲ. ಮೂವರೂ ನೋಡಿದ್ದೆವು. ಅವನು ಲುಂಗಿಯ ಅಂಚಿನಿಂದ ಪರದೆ ಒರೆಸಿದ, ಹೋಗಲಿಲ್ಲ. ಕಾರ್ಡಿನಲ್ಲಿದ್ದ ಮೂಲ ಫೈಲ್ ತೆಗೆದ, ಅದರಲ್ಲೂ ಇತ್ತು. ಮಿಕ್ಕ ಯಾವ ಶಾಟಿನಲ್ಲೂ ಇಲ್ಲ. ನನ್ನ ಕ್ಯಾಮೆರಾವನ್ನು ಅವನಿಗೆ ಯಾವತ್ತೂ ಕೊಟ್ಟಿರಲಿಲ್ಲ, ಆ ಗಲ್ಲಿ ಎಲ್ಲಿದೆ ಎಂಬುದೂ ನನಗೆ ಗೊತ್ತಿರಲಿಲ್ಲ. ನಾನು ಮಜ್ಜಿಗೆ ಲೋಟ ಕೆಳಗಿಟ್ಟು, ಕೆಲಸ ಇದೆ ಎಂದು ಎದ್ದುಬಂದೆ.

ಸ್ಟುಡಿಯೋಗೆ ಬಂದವನೇ ನನ್ನ ಮೂಲ ಫೈಲುಗಳನ್ನು ತೆಗೆದೆ. ಹನ್ನೊಂದು ಶಾಟ್‌ಗಳಲ್ಲಿ ಒಂದರಲ್ಲೂ ಚುಕ್ಕೆ ಇಲ್ಲ. ಫಿಲ್ಮಿನಲ್ಲಿ ನಾನು ಹಾಕಿದ ಹನ್ನೊಂದು ತೇಪೆಗಳು ಮಾತ್ರ ಹಾಗೇ ಇದ್ದವು, ಹರಿಯದ ಬಟ್ಟೆಯ ಮೇಲೆ. ಕ್ಯಾಮೆರಾವನ್ನು ಬಿಳಿ ಗೋಡೆಗೆ ಹಿಡಿದೆ. ಏನೂ ಇಲ್ಲ. ಸೆನ್ಸರಿನ ಕಣ ತಾನಾಗಿ ಉದುರಬಹುದು, ಒಪ್ಪೋಣ. ಹಿಡಿದಿಟ್ಟ ಚಿತ್ರದಿಂದ ಹೇಗೆ ಉದುರುತ್ತದೆ?

ಉದಯಗಿರಿಗೆ ಕ್ಯಾಮೆರಾ ಒಯ್ದೆ. ರಿಪೇರಿಯವನು ಒಳಗೆ ಟಾರ್ಚು ಬಿಟ್ಟು ನೋಡಿ, "ಹೊಸದ್ರಂಗೆ ಇದೆಯಲ್ಲ ಸಾರ್. ನಮ್ಮತ್ರ ಚೌಕಾಸಿ ಮಾಡಿ, ಬೇರೆ ಕಡೆ ಮಾಡಿಸ್ಕಂಡ್ಬುಟ್ರಾ?" ಎಂದು ಮುನಿಸಿಕೊಂಡ. ಕ್ಯಾಮೆರಾವನ್ನು ಚೀಲಕ್ಕೆ ಹಾಕಿಕೊಂಡು ಬಂದೆ.

ಮಾರನೆಯ ಬೆಳಗ್ಗೆ ಮಾದೇವಸ್ವಾಮಿ ಫೋನ್ ಮಾಡಿದ. ಚುಕ್ಕೆ ಅಳಿಸಲು ಕೂತಿದ್ದನಂತೆ, ಶಶಿಕಲಾ ಬೇಡವೆಂದಳಂತೆ. ಮಗುವಿನ ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟ ಹಾಗಿದೆ, ಇರಲಿ ಅಂದಳಂತೆ. "ಅದು ಸರಿ ಅಣ್ಣ, ನಾಕು ಸೆಕೆಂಡೋ, ಐದೋ?"

ನಾಕು ಎಂದು ಒಂದು ಮಾತು ಹೇಳಿದ್ದರೆ ಆ ವರ್ಷದ ಕೆಲಸ ನನ್ನದಾಗುತ್ತಿತ್ತು. ಹಾಗೇ ಬಿಡು, ಒಂದು ಸೆಕೆಂಡೂ ಮುಟ್ಟಬೇಡ ಎಂದೆ. ನಿನ್ನೆ ಕತ್ತರಿಸು ಅಂದ್ರಲ್ಲ ಎಂದು ಕೇಳಿದ. ನಿನ್ನೆ ನನ್ನ ಹೊಟ್ಟೆ ಸರಿ ಇರಲಿಲ್ಲ ಎಂದೆ. "ಈಗ ಎಂಗಿದೆ?" ಎಂದ. ಅವನಿಗೆ ಎಷ್ಟು ಅರ್ಥವಾಯಿತೋ ನನಗೆ ಇವತ್ತಿಗೂ ತಿಳಿಯದು. ಫೋನ್ ಇಟ್ಟುಬಿಟ್ಟೆ.

ಕೆಲಸ ಅವನಿಗೇ ಸಿಕ್ಕಿತು. ಈಗಲೂ ಆ ಹಜಾರದಲ್ಲಿ ಫಿಲ್ಮ್ ಓಡುತ್ತದೆ. ಮಂಡಿನೋವಿನ ನೆಪದಲ್ಲಿ ಎರಡು ಸಲ ಹೋಗಿ ಕೂತು ನೋಡಿದ್ದೇನೆ. ಹೆಂಗಸು ಪೊರಕೆ ನಿಲ್ಲಿಸುವಾಗ ಜನ ಮಾತು ನಿಲ್ಲಿಸುತ್ತಾರೆ. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಆ ಚುಕ್ಕೆಯನ್ನು ಹದ್ದು ಎಂದು ತಿಳಿದು ಮೊಮ್ಮಗಳಿಗೆ ತೋರಿಸುತ್ತಿದ್ದರು. ನನ್ನ ಹೊಟ್ಟೆಯೊಳಗಿನದು ಹೋಗಿದೆ ಎಂದರೆ ನೀವೇ ನಗುತ್ತೀರಿ. ನನ್ನ ಕ್ಯಾಮೆರಾದಲ್ಲಿ ಮಾತ್ರ ಆ ಚುಕ್ಕೆ ಮತ್ತೆ ಬಂದಿಲ್ಲ. ತಿಂಗಳಿಗೊಮ್ಮೆ ಬಿಳಿ ಗೋಡೆಗೆ ಹಿಡಿದು ನೋಡುತ್ತೇನೆ. ಹೇಗೆ ಎಂದು ಕೇಳಬೇಡಿ, ಗೊತ್ತಿಲ್ಲ.

ಗೊತ್ತಿರುವುದನ್ನು ಹೇಳುತ್ತೇನೆ, ಬಿಟ್ಟಿ ಸಲಹೆ. ಆಯುಧಪೂಜೆಯಲ್ಲಿ ಕ್ಯಾಮೆರಾ ಬಿಚ್ಚಿಡಬೇಡಿ, ಮುಚ್ಚಳ ಹಾಕಿಯೇ ಕುಂಕುಮ ಇಡಿ. ಕ್ಲೀನ್ ಮಾಡಿಸುವುದರಲ್ಲಿ ಚೌಕಾಸಿ ಬೇಡ. ಲೆನ್ಸಿನಲ್ಲಿ ಬೇಕಾದರೆ ಮಾಡಿ, ಉದಯಗಿರಿಯಲ್ಲಿ ಮೂರನೇ ಒಂದು ಭಾಗ ಇಳಿಸುತ್ತಾರೆ. ಯಾರಾದರೂ ತಮ್ಮ ಕೆಲಸ ತೋರಿಸಿ ಹೇಗಿದೆ ಎಂದು ಕೇಳಿದಾಗ ಎದೆ ಉರಿದರೆ, ಅಲ್ಲೇ ಅಭಿಪ್ರಾಯ ಕೊಡಬೇಡಿ. ಮಜ್ಜಿಗೆ ಕುಡಿದು, ನಾಳೆ ಹೇಳುತ್ತೇನೆ ಎಂದು ಎದ್ದು ಬನ್ನಿ. ಅವರು ಇನ್ನೊಂದು ಸಲ ಹಾಕುವವರೆಗೆ ಮಾತ್ರ ಕೂರಬೇಡಿ.